ಚಾರಣದ ಚೀಲಕ್ಕೊಂದು ಚೂರಿ

ಘಟ್ಟದ ಮೇಲಿನ ನೆಂಟರು ನಮ್ಮಲ್ಲಿಗೆ ಬಂದಾಗ ಅಜ್ಜಿ ಒಳಗಿನಿಂದ "ಆ ಕತ್ತಿ ತೆಕ್ಕೊಂಡು ಬಾ" ಎಂದರೆ ಅವರು ಒಂದು ಕ್ಷಣ ಬೆಚ್ಚುವುದುಂಟು. ಅವರಿಗೆ ಕತ್ತಿ ಎಂದರೆ ರಾಜರ ಸೊಂಟದ್ದು. ನಮಗೆ ಬೊಂಡ (ಎಳನೀರು) ಕೆತ್ತುವ, ಸೌದೆ ಸೀಳುವ, ಬೇಲಿ ಸವರುವ ಬಾಗಿದ ಮೂತಿಯದ್ದು. ಕೂತು ತರಕಾರಿ ಕೊಯ್ಯಲು ಮೆಟ್ಟುಕತ್ತಿ, ಸಣ್ಣಪುಟ್ಟ ಕೆಲಸಕ್ಕೆ ಚೂರಿ, ತುಳುವಿನಲ್ಲಾದರೆ ಬಿಸತ್ತಿ.

ಮನೆಯಲ್ಲಿ ಇಷ್ಟೆಲ್ಲ ಇದ್ದರೂ ಕ್ಯಾಂಪಿಂಗ್ ಎಂದ ಕೂಡಲೇ ಹುಡುಗರು ಮೊಬೈಲಿನಲ್ಲಿ ನೋಡಿ ತರಿಸುವುದು ಕಪ್ಪು ಬಣ್ಣದ, ಬೆನ್ನಿಗೆ ಗರಗಸದ ಹಲ್ಲಿರುವ, ಹಿಡಿಯೊಳಗೆ ದಿಕ್ಸೂಚಿ ಅಡಗಿಸಿಟ್ಟ ಮಾಲನ್ನು. ನಾನೂ ತರಿಸಿದ್ದೆ. ಸೌದೆ ಸೀಳಲು ಅದರ ಬೆನ್ನಿಗೆ ಎರಡು ಪೆಟ್ಟು ಕೊಟ್ಟದ್ದೇ ತಡ, ಬ್ಲೇಡು ಒಂದು ಕಡೆ, ಹಿಡಿ ಒಂದು ಕಡೆ. ದಿಕ್ಸೂಚಿಗೆ ಮಾತ್ರ ಏನೂ ಆಗಿರಲಿಲ್ಲ. ಆಮೇಲೆ ಹತ್ತಾರು ಟ್ರಿಪ್ ಮುಗಿಸಿ ಲೆಕ್ಕ ಹಾಕಿದರೆ, ನನ್ನ ಚೂರಿ ಕೊಯ್ದದ್ದು ಹೆಚ್ಚಾಗಿ ನೀರುಳ್ಳಿ, ಟೊಮೆಟೊ, ಹಗ್ಗ, ಹಾಲಿನ ಪ್ಯಾಕೆಟ್ಟು. ಹುಲಿಯಂತೂ ಒಮ್ಮೆಯೂ ಎದುರಾಗಲಿಲ್ಲ. ಆದ್ದರಿಂದ ಕೆಳಗಿನ ಸಲಹೆಗಳೆಲ್ಲ ಹೊರಗೆ ಹೋಗುವ ಅಡುಗೆಮನೆ ಚೂರಿಯನ್ನು ಕಣ್ಣಮುಂದಿಟ್ಟು ಹೇಳಿದವು.

ಮೊದಲು: ಹೋಗುವುದು ಎಲ್ಲಿಗೆ?

ಅಂಗಡಿಗೆ ಹೋಗುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಿ. ಮಂಗಳೂರು, ಉಡುಪಿಯಿಂದ ಹೊರಡುವ ಚಾರಣಗಳಲ್ಲಿ ಹಲವು, ಉದಾಹರಣೆಗೆ ಕುರಿಂಜಾಲು, ನೇತ್ರಾವತಿ ಶಿಖರ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನವು. ಹೆಬ್ರಿ ಕಡೆಯ ಕಾಡು ಸೋಮೇಶ್ವರ ಅಭಯಾರಣ್ಯಕ್ಕೆ ಸೇರಿದ್ದು, ಕೊಲ್ಲೂರಿನ ಸುತ್ತ ಮೂಕಾಂಬಿಕಾ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಆಯುಧ ಎಂದರೆ ಕೋವಿ ಮಾತ್ರ ಎಂದುಕೊಳ್ಳಬೇಡಿ. ಅದೇ ಕಾಯ್ದೆಯ ವ್ಯಾಖ್ಯಾನದಲ್ಲಿ ಬಲೆ, ಗಾಳ, ವಿಷಗಳ ಸಾಲಿನಲ್ಲೇ ಚೂರಿಯ ಹೆಸರೂ ಉಂಟು. ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಬ್ಯಾಗ್ ಬಿಡಿಸಿ ನೋಡಿದರೆ "ಇದು ಸೇಬು ಕೊಯ್ಯಲಿಕ್ಕೆ ಸಾರ್" ಎಂಬ ಮಾತು ನಡೆಯುವುದಿಲ್ಲ. ಅಂಥ ಚಾರಣಕ್ಕೆ ಹಣ್ಣನ್ನು ಮನೆಯಲ್ಲೇ ಕೊಯ್ದು ಡಬ್ಬಿಗೆ ಹಾಕಿ, ಚೂರಿಯನ್ನು ಮನೆಯಲ್ಲೇ ಬಿಡಿ.

ಹಾಗಾದರೆ ಚೂರಿಯ ಉಪಯೋಗ ಎಲ್ಲಿ? ಹೋಮ್‌ಸ್ಟೇ ಅಂಗಳದಲ್ಲಿ ಟೆಂಟ್ ಹೊಡೆದಾಗ, ಕಾರ್ಕಳದ ಕಡೆ ಯಾರದ್ದೋ ಅಡಿಕೆ ತೋಟದಲ್ಲಿ ರಾತ್ರಿ ಉಳಿದಾಗ, ಪರಿಚಯದವರ ಹೊಳೆಬದಿ ಜಾಗದಲ್ಲಿ, ದೋಣಿಯಲ್ಲಿ, ಕಡಲ ಬದಿಯಲ್ಲಿ. ನಮ್ಮ ಕಡೆ ಕ್ಯಾಂಪಿಂಗ್ ನಡೆಯುವುದೇ ಹೆಚ್ಚಾಗಿ ಇಂಥ ಕಡೆ.

ಇನ್ನೊಂದು ಅಳತೆ ನೆನಪಿರಲಿ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುತ್ತದೆ. ಮನೆಗೆಲಸ, ಕೃಷಿಗೆಂದು ಮಾಡಿದವಕ್ಕೆ ವಿನಾಯಿತಿ ಉಂಟು. ತೋಟದ ಕತ್ತಿ ತೋಟದಲ್ಲಿದ್ದರೆ ಕೃಷಿ ಉಪಕರಣವೇ. ಅದನ್ನೇ ಬೈಕಿನ ಹಿಂದೆ ಕಟ್ಟಿಕೊಂಡು ರಾತ್ರಿ ಸುರತ್ಕಲ್ ಪೇಟೆಯಲ್ಲಿ ಸುತ್ತಿದರೆ ಪೊಲೀಸರಿಗೆ ಬೇರೆ ಥರ ಕಂಡೀತು. ಬಟನ್ ಒತ್ತಿದರೆ ಚಿಮ್ಮುವ ಚೂರಿಯ ಗೊಡವೆಯೇ ಬೇಡ. ಬಜಪೆಯಿಂದ ವಿಮಾನ ಹತ್ತುವುದಾದರೆ ಚೂರಿ ಕೈಚೀಲದಲ್ಲಿ ಇರಕೂಡದು, ಚೆಕ್-ಇನ್ ಲಗೇಜಿನಲ್ಲಿ ಹೋಗಬೇಕು.

ಮಡಚುವುದೋ, ಮಡಚದ್ದೋ?

ನೀವು ಹೆಚ್ಚಾಗಿ ಮಾಡುವುದು ಹಣ್ಣು, ತರಕಾರಿ, ಹಗ್ಗದ ಕೆಲಸವಾದರೆ ಮಡಚುವ ಚೂರಿ ಸಾಕು. ಮೀನು, ಕೋಳಿ, ಸೌದೆ ಎಂದಾದರೆ ಮಡಚದ್ದನ್ನೇ ತೆಗೆದುಕೊಳ್ಳಿ. ಮಡಚುವ ಕೀಲಿನ ಒಳಗೆ ಮೀನಿನ ರಕ್ತ, ಮರಳು, ಉಪ್ಪು ಸೇರಿಕೊಂಡರೆ ತೊಳೆದು ಮುಗಿಯುವುದಿಲ್ಲ, ಎರಡನೇ ದಿನಕ್ಕೆ ಬ್ಯಾಗಿಡೀ ವಾಸನೆ.

ಮಡಚುವುದರಲ್ಲಿ ಬೀಗ ಇದೆಯೇ ನೋಡಿ. ತೆರೆದ ಬ್ಲೇಡು ಕೆಲಸದ ನಡುವೆ ತಾನಾಗಿ ಮುಚ್ಚದಂತೆ ತಡೆಯುವುದು ಅದೇ. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸಿನ ಸಾಮಾನ್ಯ ಕೆಂಪು ಚೂರಿಗಳಲ್ಲಿ ಬೀಗ ಇರುವುದಿಲ್ಲ, ಸ್ಪ್ರಿಂಗಿನ ಬಲ ಮಾತ್ರ. ಕೊಯ್ಯಲು ತೊಂದರೆಯಿಲ್ಲ, ಮೊನೆಯಿಂದ ಚುಚ್ಚಿ ತೂತು ಮಾಡಲು ಹೋದರೆ ಮಡಚಿ ಬೆರಳಿಗೇ ಬಂದೀತು. ನನ್ನ ತೋರುಬೆರಳಿನ ಮೇಲೆ ಅದರ ಗುರುತು ಈಗಲೂ ಉಂಟು. ಫ್ರಾನ್ಸಿನ ಒಪಿನೆಲ್ ಚೂರಿಗೆ ತಿರುಗಿಸುವ ಉಂಗುರದ ಬೀಗ ಬಂದದ್ದು 1955ರಲ್ಲಿ. ಹಗುರ, ತೆಳು ಅಲಗು, ತರಕಾರಿಗೆ ಅದರಷ್ಟು ಒಳ್ಳೆಯದು ಕಡಿಮೆ. ಆದರೆ ಅದರ ಹಿಡಿ ಬೀಚ್ ಮರದ್ದು. ನಮ್ಮ ಜುಲೈ ತಿಂಗಳ ತೇವಕ್ಕೆ ಮರ ಉಬ್ಬಿ ಅಲಗನ್ನು ಕಚ್ಚಿ ಹಿಡಿದರೆ ಉಗುರು ಕಿತ್ತುಬಂದರೂ ತೆರೆಯುವುದು ಕಷ್ಟ.

ಮಡಚದ್ದರಲ್ಲಿ ನೋಡಬೇಕಾದ್ದು ಹಿಡಿಯ ಒಳಗೆ ಎಷ್ಟು ಲೋಹ ಹೋಗಿದೆ ಎಂಬುದು. ಅಲಗಿನ ಉಕ್ಕೇ ಹಿಡಿಯ ತುದಿಯವರೆಗೆ ಹೋಗಿ, ಎರಡು ಬದಿಗೆ ಮರ ಅಥವಾ ಪ್ಲಾಸ್ಟಿಕ್ ಕೂರಿಸಿ ರಿವೆಟ್ ಹೊಡೆದದ್ದು ಗಟ್ಟಿ. ಟೊಳ್ಳು ಹಿಡಿಯ ಕಥೆ ಮೇಲೆ ಹೇಳಿಯಾಯಿತು. ಅಲಗು 10 ಸೆಂ.ಮೀ. ಆಸುಪಾಸು ಇದ್ದರೆ ಬಂಗುಡೆ ಮೀನಿಗೂ ಆಗುತ್ತದೆ, ನೀರುಳ್ಳಿಗೂ ಆಗುತ್ತದೆ. ಬೆನ್ನಿನ ಗರಗಸಕ್ಕೆ ದುಡ್ಡು ಕೊಡಬೇಡಿ. ಮರವೂ ಕೊಯ್ಯುವುದಿಲ್ಲ, ಬೆನ್ನಿನ ಮೇಲೆ ಹೆಬ್ಬೆರಳು ಇಡಲೂ ಬಿಡುವುದಿಲ್ಲ.

ಹಿಡಿಯನ್ನು ಒದ್ದೆ ಕೈಯಲ್ಲಿ ಹಿಡಿದು ಪರೀಕ್ಷಿಸಿ. ಅಂಗಡಿಯವರ ಹತ್ತಿರ ಕೈತೊಳೆಯಲು ನೀರು ಕೇಳಿದರೆ ವಿಚಿತ್ರವಾಗಿ ನೋಡಿಯಾರು, ಆದರೂ ಕೇಳಿ. ಒಣಕೈಗೆ ಹಿತವಾಗಿದ್ದ ನುಣುಪು ಹಿಡಿ ಮೀನಿನ ಲೋಳೆ ತಾಗಿದಾಗ ಸಾಬೂನಿನಂತೆ ಜಾರುತ್ತದೆ. ಬಣ್ಣವೂ ಮುಖ್ಯ. ಹಸಿರು, ಕಪ್ಪು ಬೇಡ. ತೋಟದ ತರಗೆಲೆಯಲ್ಲಿ ಬಿದ್ದರೆ ಸಿಗುವುದು ಕೇಸರಿ, ಕೆಂಪು ಹಿಡಿ ಮಾತ್ರ.

ಉಕ್ಕು: ಉಪ್ಪುಗಾಳಿಯ ಲೆಕ್ಕ

ವಿದೇಶದ ಪುಸ್ತಕ, ವಿಡಿಯೊಗಳ ಸಲಹೆ ನಮ್ಮೂರಿಗೆ ಹೊಂದದಿರುವುದು ಇಲ್ಲೇ. ಅಲ್ಲಿಯವರು ಕಾರ್ಬನ್ ಸ್ಟೀಲನ್ನು ಹೊಗಳುತ್ತಾರೆ. ಬೇಗ ಹರಿತವಾಗುತ್ತದೆ, ಗಟ್ಟಿಯೂ ಹೌದು. ನಮ್ಮ ಆಚಾರಿಗಳು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡುವ ಕತ್ತಿಯದ್ದೂ ಇದೇ ಜಾತಿ. ಆದರೆ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಉಳಿದ ತಿಂಗಳು ಬೆವರು, ಸಾಲದ್ದಕ್ಕೆ ಮಲ್ಪೆಯ ಗಾಳಿ. ಸಂಜೆ ಒರೆಸದೆ ಇಟ್ಟರೆ ಬೆಳಿಗ್ಗೆಗೆ ಕಿಲುಬಿನ ಕೆಂಪು ಚುಕ್ಕಿ. ಹುಳಿಯೂ ಅದಕ್ಕೆ ಆಗದು. ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಕೊಯ್ದ ಮಾವಿನಕಾಯಿ ಕಪ್ಪಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಕಾಯಿಯ ಒಗರು ಮತ್ತು ಕಬ್ಬಿಣ ಸೇರಿದಾಗ ಬರುವ ಬಣ್ಣ ಅದು.

ಕರಾವಳಿಯಲ್ಲಿ ಮೊದಲ ಚೂರಿ ಕೊಳ್ಳುವವರು ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಉಕ್ಕಿನಲ್ಲಿ ಕನಿಷ್ಠ 10.5 ಶೇಕಡಾದಷ್ಟು ಕ್ರೋಮಿಯಂ ಇದ್ದಾಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳು ಪದರ ಕೂತು ತುಕ್ಕು ತಡೆಯುತ್ತದೆ. ಹಾಗೆಂದು ಮೈಮರೆಯಬೇಡಿ. ಸಮುದ್ರದ ಉಪ್ಪು ಆ ಪದರವನ್ನೂ ಅಲ್ಲಲ್ಲಿ ಕೊರೆಯುತ್ತದೆ. ಮರವಂತೆಯಲ್ಲಿ ಕಡಲ ನೀರಿನಲ್ಲಿ ತೊಳೆದ ಚೂರಿಯನ್ನು ಮತ್ತೊಮ್ಮೆ ಸಿಹಿನೀರಿನಲ್ಲಿ ತೊಳೆದು ಒರೆಸಲೇಬೇಕು.

ಹರಿತ ಮಾಡುವುದು

ಹೊರಡುವ ಹಿಂದಿನ ದಿನ ಮಾಡಿ, ಅಲ್ಲಿಗೆ ಹೋದ ಮೇಲಲ್ಲ. ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ ಅಲುಗದಂತೆ ಇಡಿ. ಅಲಗು ಕಲ್ಲಿನೊಂದಿಗೆ ಸುಮಾರು 20 ಡಿಗ್ರಿಯಲ್ಲಿ ಇರಬೇಕು. ಅಂದಾಜು ಸಿಗದಿದ್ದರೆ ಕಾಗದದ ಚೌಕ ಮೂಲೆಯನ್ನು ಒಮ್ಮೆ ಮಡಚಿ, ಅದು 45 ಡಿಗ್ರಿ. ಇನ್ನೊಮ್ಮೆ ಮಡಚಿದರೆ 22.5, ಅದಕ್ಕಿಂತ ಚೂರು ಕೆಳಗೆ ನಿಮ್ಮ ಚೂರಿ. ಒಂದೇ ಕೋನದಲ್ಲಿ ಬುಡದಿಂದ ಮೊನೆಯವರೆಗೆ ಎಳೆಯಿರಿ. ಒಂದು ಬದಿ ಸಾಕಷ್ಟು ತಿಕ್ಕಿದಾಗ ಎದುರು ಬದಿಯ ಅಂಚಿನಲ್ಲಿ ಕೂದಲಿನಂಥ ತರಿ ಬೆರಳಿಗೆ ಸಿಗುತ್ತದೆ. ಅದು ಇಡೀ ಉದ್ದಕ್ಕೆ ಸಿಕ್ಕಿದ ಮೇಲೆ ಬದಿ ಬದಲಿಸಿ. ಹೆಚ್ಚಿನವರು ಸೋಲುವುದು ತರಿ ಬರುವ ಮುಂಚೆಯೇ ಕೈ ಬಿಟ್ಟು. ಕೊನೆಗೆ ಹಗುರವಾಗಿ ಎರಡೂ ಬದಿ ನಾಲ್ಕಾರು ಸಲ, ಆಮೇಲೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದೆ, ಬಾಯಿ ಹಿಂದೆ ಮಾಡಿ ಎಳೆದರೆ ಮುಗಿಯಿತು. ಕಲ್ಲು ಮರೆತು ಹೋದರೆ ಪಿಂಗಾಣಿ ಲೋಟದ ತಳದ ಒರಟು ಉಂಗುರವೂ ಆದೀತು. ಪರೀಕ್ಷೆಗೆ ಹೆಬ್ಬೆರಳು ಬೇಡ, ಹಣ್ಣಾದ ಟೊಮೆಟೊ ಸಾಕು. ಒತ್ತದೆ ಸಿಪ್ಪೆ ಸೀಳಬೇಕು.

ಬಳಸುವಾಗ

ಚೂರಿ ತೆಗೆಯುವ ಮುಂಚೆ ಕೈ ಚಾಚಿ ಸುತ್ತ ಒಮ್ಮೆ ತಿರುಗಿ. ಆ ವೃತ್ತದೊಳಗೆ ಯಾರೂ ಇರಬಾರದು. ಕೂತು ಕೆತ್ತುವಾಗ ತೊಡೆಯ ನಡುವೆ ಕೆಲಸ ಬೇಡ. ಒಳತೊಡೆಯಲ್ಲಿ ದೊಡ್ಡ ರಕ್ತನಾಳ ಉಂಟು, ಕೊಯ್ದರೆ ಆಸ್ಪತ್ರೆ ತಲುಪುವಷ್ಟು ಸಮಯ ಸಿಗದೇ ಹೋಗಬಹುದು. ಮೊಣಕೈಗಳನ್ನು ಮಂಡಿಯ ಮೇಲೆ ಊರಿ, ಮಂಡಿಗಿಂತ ಆಚೆ ಕೆತ್ತಿ. ಕೈಜಾರಿ ಬೀಳುವ ಚೂರಿಯನ್ನು ಹಿಡಿಯಲು ಹೋಗದೆ ಕಾಲು ಹಿಂದೆ ತೆಗೆಯಿರಿ.

ಬಂಗುಡೆ ಶುಚಿ ಮಾಡುವಾಗ ಬಾಲದ ಕಡೆಯ ತೂತಿನಿಂದ ಕಿವಿರಿನತ್ತ, ಅಲಗಿನ ಬಾಯಿ ಮೇಲೆ ಮಾಡಿ, ಮೊನೆ ಮಾತ್ರ ಒಳಗೆ ಹೋಗುವಂತೆ ಸೀಳಿ. ಆಳಕ್ಕೆ ಹೋದರೆ ಕರುಳು ಒಡೆದು ಕಹಿ. ಹಲಸಿನಹಣ್ಣಾದರೆ ಕೈಗೂ ಅಲಗಿಗೂ ಮೊದಲೇ ತೆಂಗಿನೆಣ್ಣೆ ಸವರಿ, ಇಲ್ಲವಾದರೆ ಮೇಣ ಬಿಡಿಸುವುದರಲ್ಲೇ ಸಂಜೆಯಾಗುತ್ತದೆ. ಬೊಂಡಕ್ಕೆ ಸಣ್ಣ ಚೂರಿ ಹಾಕುವುದು ಶುದ್ಧ ಹುಚ್ಚು. ಅದು ಕತ್ತಿಯ ಕೆಲಸ, ಅಭ್ಯಾಸ ಇದ್ದವರ ಕೆಲಸ.

ಮಳೆಯಲ್ಲಿ ಒದ್ದೆಯಾದ ಸೌದೆ ಹೊತ್ತದಿದ್ದರೆ ಹೆಬ್ಬೆರಳು ಗಾತ್ರದ ಕಡ್ಡಿ ಸೀಳಿ. ಹೊರಗೆ ಒದ್ದೆಯಾದರೂ ತಿರುಳು ಒಣಗಿರುತ್ತದೆ. ಆ ತಿರುಳಿನ ಮೇಲೆ ಅಲಗನ್ನು ಮಲಗಿಸಿ ತೆಳುವಾಗಿ ಹೆರೆದು, ಸುರುಳಿಗಳು ಉದುರದೆ ಬುಡಕ್ಕೆ ಅಂಟಿಕೊಂಡಿರುವಂತೆ ಬಿಟ್ಟರೆ ಬೆಂಕಿಕಡ್ಡಿಗೆ ತಕ್ಷಣ ಹತ್ತುತ್ತದೆ. ಅಭಯಾರಣ್ಯದಲ್ಲಿ ಬೆಂಕಿಯೂ ನಿಷೇಧ, ಇದು ಅಂಗಳದ ವಿದ್ಯೆ.

ಉಂಬಳವನ್ನು (ಜಿಗಣೆ) ಚೂರಿಯಿಂದ ಕೆರೆಯಬೇಡಿ. ಅದು ಕಚ್ಚಿದ ತುದಿಯ ಬದಿಗೆ ಉಗುರು ಜಾರಿಸಿದರೆ ಬಿಡುತ್ತದೆ. ಹಾವು ಕಚ್ಚಿದರೆ ಗಾಯ ಕೊಯ್ದು ರಕ್ತ ಹರಿಸುವುದು ಸಿನಿಮಾದಲ್ಲಿ ಮಾತ್ರ ಸರಿ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ. ಚೂರಿಯೇ ಕೈಗೆ ತಾಗಿದರೆ ಶುಚಿಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ, 10 ನಿಮಿಷ ತೆರೆದು ನೋಡದೆ ಇರಿ. ಕಾಫಿಪುಡಿ, ಅರಿಶಿನ ಮೆತ್ತಿದರೆ ಹೊಲಿಗೆ ಹಾಕುವ ಡಾಕ್ಟರಿಗೆ ಅದನ್ನು ತೊಳೆಯುವುದೇ ಮೊದಲ ಕೆಲಸ. ರಕ್ತ ನಿಲ್ಲದಿದ್ದರೆ 108. ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡದ್ದು ಎಂಬುದನ್ನು ಹೊರಡುವ ಮುಂಚೆಯೇ ನೆನಪು ಮಾಡಿಕೊಳ್ಳಿ.

ಮರಳಿ ಬಂದ ಮೇಲೆ

ತೊಳೆದು, ಒರೆಸಿ, ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಒಂದು ಹನಿ ತೆಂಗಿನೆಣ್ಣೆ ಸವರಿ. ಮಡಚುವ ಚೂರಿಯ ಕೀಲಿಗೆ ತೆಂಗಿನೆಣ್ಣೆ ಬೇಡ, ನಾಲ್ಕು ತಿಂಗಳಲ್ಲಿ ಅಂಟಾಗುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಸರಿ. ಚರ್ಮದ ಒರೆಯಲ್ಲಿ ಮಾತ್ರ ತುಂಬಾ ದಿನ ಬಿಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಂಡು ಒಳಗಿಂದೊಳಗೇ ತುಕ್ಕು ಹಿಡಿಸುತ್ತದೆ. ತುಕ್ಕು ಬಂದಿದ್ದರೆ ಹುಣಸೆಹುಳಿ ಮತ್ತು ಬೂದಿಯಿಂದ ತಿಕ್ಕಿ, ಕೂಡಲೇ ತೊಳೆದು ಒಣಗಿಸಿ.

ನಾನು ಜೂನ್ ಮೊದಲ ವಾರ ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡುತ್ತೇನೆ. ಮತ್ತೆ ಬಿಡಿಸುವುದು ಚೌತಿಯ ಹೊತ್ತಿಗೆ, ಕಬ್ಬು ಕೊಯ್ಯಲು.