ಜೋನಿ ಬೆಲ್ಲ ಹೊದ್ದ ಅಂಜಲ್

ಅಂಜಲ್ ಮೀನಿಗೆ ಜೋನಿ ಬೆಲ್ಲ, ಅಂದರೆ ಜೇನಿನಂತೆ ಹರಿಯುವ ಬೆಲ್ಲ, ಹಾಕುತ್ತೇನೆ ಎಂದರೆ ಮಂಗಳೂರಿನ ನಮ್ಮ ಬಂಧುಗಳು ಮೊದಲು ನಂಬುವುದಿಲ್ಲ. ‘ಮೀನಿಗೆ ಬೆಲ್ಲವೇ?’ ಎಂದ ಅತ್ತೆಯೇ ಈಗ ಕೇಳಿ ಮಾಡಿಸಿಕೊಳ್ಳುತ್ತಾರೆ. ಕಾಯಿ ತುರಿದು, ಮಸಾಲೆ ಅರೆಯುವಷ್ಟು ಪುರುಸೊತ್ತಿಲ್ಲದ ಸಂಜೆ ಅರ್ಧ ಗಂಟೆಯೊಳಗೆ ಊಟಕ್ಕೆ ಕೂರಿಸುವ ಅಡುಗೆ ಇದು.

ಒಂದು ಬೆರಳು ದಪ್ಪಕ್ಕೆ ಕೊಯ್ದ ನಾಲ್ಕು ತುಂಡು ಸಾಕು, ಸುಮಾರು ಅರ್ಧ ಕಿಲೋ. ತೆಳ್ಳಗೆ ಕೊಯ್ಯಿಸಿದರೆ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಒಣಗಿರುತ್ತದೆ. ಬಂಗುಡೆಯಲ್ಲೂ ಮಾಡಬಹುದು, ಆದರೆ ಬಂಗುಡೆಗೆ ಹುಳಿ-ಖಾರದ ಪುಳಿಮುಂಚಿ ಸಾರೇ ಸೈ ಎಂಬುದು ನನ್ನ ಖಚಿತ ಅಭಿಪ್ರಾಯ.

ತುಂಡುಗಳಿಗೆ ಉಪ್ಪು, ಅರಿಶಿನ ಸವರಿ ಹತ್ತು ನಿಮಿಷ ಬಿಡುತ್ತೇನೆ. ಆ ಹೊತ್ತಿನಲ್ಲಿ ಪಾಕಕ್ಕೆ ಬೇಕಾದದ್ದನ್ನು ಒಂದು ಬಟ್ಟಲಿನಲ್ಲಿ ಕಲಸಿಡುತ್ತೇನೆ: ಎರಡು ದೊಡ್ಡ ಚಮಚ ಜೋನಿ ಬೆಲ್ಲ, ಒಂದೂವರೆ ಚಮಚ ಗಟ್ಟಿ ಹುಣಸೆ ರಸ, ಮೂರು ಚಮಚ ನೀರು, ಅರ್ಧ ಸಣ್ಣ ಚಮಚ ಬ್ಯಾಡಗಿ ಮೆಣಸಿನ ಪುಡಿ, ತುರಿದ ಶುಂಠಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಚಿಟಿಕೆ ಉಪ್ಪು. ಅಚ್ಚು ಬೆಲ್ಲವಾದರೆ ಕರಗಿಸಬೇಕು, ಸೋಸಬೇಕು. ಶಿರಸಿ, ಸಾಗರದ ಕಡೆಯಿಂದ ಬರುವ ಜೋನಿ ಬೆಲ್ಲಕ್ಕೆ ಆ ರಗಳೆಯಿಲ್ಲ.

ಬೆಲ್ಲವನ್ನು ಮೊದಲೇ ಮೀನಿಗೆ ಹಚ್ಚಿ ಇಡಲೇಬಾರದು. ಜೋನಿ ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅಂಶ ಅಚ್ಚು ಬೆಲ್ಲಕ್ಕಿಂತ ಹೆಚ್ಚು. ಫ್ರಕ್ಟೋಸ್ ಸಕ್ಕರೆಗಿಂತ ಕಡಿಮೆ ಶಾಖಕ್ಕೇ ಕಂದುತ್ತದೆ. ಹಚ್ಚಿಟ್ಟ ಬೆಲ್ಲ ಮೀನು ಬೇಯುವ ಮೊದಲೇ ಕರಟಿ ಕಹಿಯಾಗುತ್ತದೆ. ಆದ್ದರಿಂದ ಮೀನು ಮೊದಲು, ಬೆಲ್ಲ ಆಮೇಲೆ.

ತುಂಡುಗಳನ್ನು ಬಟ್ಟೆಯಿಂದ ಒತ್ತಿ ಒರೆಸುತ್ತೇನೆ. ಒದ್ದೆ ಮೀನು ಕಾವಲಿಗೆ ಅಂಟುತ್ತದೆ, ಬಣ್ಣವೂ ಬರುವುದಿಲ್ಲ. ಕಾದ ಕಾವಲಿಗೆ ತೆಂಗಿನೆಣ್ಣೆ ಹಾಕಿ ಮೀನಿಟ್ಟ ಮೇಲೆ ಮೂರು ನಿಮಿಷ ಕೈ ತಾಗಿಸುವುದಿಲ್ಲ. ಅಡಿ ಗಟ್ಟಿಯಾದಾಗ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಮಗುಚಿ ಎರಡು ನಿಮಿಷ ಕಾಯಿಸಿ ತಟ್ಟೆಗೆ ತೆಗೆಯುತ್ತೇನೆ. ನಡುಮೂಳೆಯ ಪಕ್ಕ ಇನ್ನೂ ತುಸು ಹಸಿ ಎನಿಸಿದರೆ ಅಡ್ಡಿಯಿಲ್ಲ, ಪಾಕದಲ್ಲಿ ಬೇಯುತ್ತದೆ.

ಹೆಚ್ಚಿನ ಎಣ್ಣೆ ಬಸಿದು, ಉರಿ ತಗ್ಗಿಸಿ, ಅದೇ ಕಾವಲಿಗೆ ಬಟ್ಟಲಿನದನ್ನು ಸುರಿಯಬೇಕು. ಮೊದಲು ಸಣ್ಣ ಗುಳ್ಳೆಗಳು ಸರಸರನೆ ಏಳುತ್ತವೆ. ನೀರು ಆರುತ್ತಿದ್ದಂತೆ ಗುಳ್ಳೆ ದೊಡ್ಡದಾಗಿ ಮಂದವಾಗುತ್ತದೆ, ಹುಣಸೆಯ ಹಸಿ ವಾಸನೆ ಹೋಗಿ ಬೆಲ್ಲದ ಘಮ ಮೇಲೇಳುತ್ತದೆ. ಚಮಚದಿಂದ ಗೆರೆ ಎಳೆದರೆ ಅದು ಒಂದು ಕ್ಷಣ ನಿಂತು ಮುಚ್ಚಿಕೊಳ್ಳಬೇಕು. ಆಗ ಮೀನನ್ನು ಮರಳಿ ಇಟ್ಟು, ಕಾವಲಿ ಓರೆ ಮಾಡಿ, ಪಾಕವನ್ನು ಚಮಚದಲ್ಲಿ ತೆಗೆದು ಮೇಲೆ ಹೊಯ್ಯುತ್ತಾ ಒಂದು ನಿಮಿಷ ಇರಿಸುತ್ತೇನೆ. ಮೀನಿನ ಮೈ ಹೊಳೆಯತೊಡಗುತ್ತದೆ. ಪಾಕ ಸ್ವಲ್ಪ ತೆಳು ಎನಿಸುವಾಗಲೇ ಒಲೆ ಆರಿಸಬೇಕು, ಆರಿದಂತೆ ಅದು ಇನ್ನೂ ಬಿಗಿಯುತ್ತದೆ. ಗಟ್ಟಿಯಾಗಿಬಿಟ್ಟರೆ ಎರಡು ಚಮಚ ಬಿಸಿನೀರು ಹಾಕಿದರಾಯಿತು.

ಮೇಲೆ ಕಾಳುಮೆಣಸಿನ ತರಿ, ನಿಂಬೆ ರಸ. ಜೊತೆಗೆ ಅನ್ನ, ತಿಳಿಸಾರು, ಉಪ್ಪು ಹಾಕಿದ ಎಳೆ ಸೌತೆ. ಈ ಸಿಹಿಗೆ ಸೌತೆಯ ತಂಪು ಬೇಕೇ ಬೇಕು.

ಜೂನ್, ಜುಲೈಯಲ್ಲಿ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ತಾಜಾ ಅಂಜಲ್ ಸಿಗುವುದು ಕಷ್ಟ. ಆಗ ಸಾಕಣೆಯ ದೊಡ್ಡ ಸಿಗಡಿ ತರುತ್ತೇನೆ. ಪಾಕ ಇದೇ; ಸಿಗಡಿಯನ್ನು ಮಾತ್ರ ಪ್ರತಿ ಬದಿಗೆ ಒಂದೊಂದೇ ನಿಮಿಷ ಕಾಯಿಸುತ್ತೇನೆ.