40 ಸಾವಿರ ಗಂಟೆ ಓಡಿದ ಡಿಸ್ಕುಗಳನ್ನು ನಂಬಿದ ಕಥೆ

"ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕಾ? ಭಾವ, ನಿಮಗೆ ತಲೆ ಸರಿ ಉಂಟಾ?"

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹೆಂಡತಿಯ ತಮ್ಮ 2021ರಲ್ಲಿ ಕೇಳಿದ ಮಾತಿದು. ಆಗ ತಂದವುಗಳಲ್ಲಿ ಉಳಿಸಿಕೊಂಡ ಐದು ಡಿಸ್ಕುಗಳಲ್ಲಿ ನಾಲ್ಕು ಇವತ್ತಿಗೂ ಓಡುತ್ತಿವೆ. ಐದನೆಯದು ಸತ್ತಿತು, ಆದರೆ ಒಂದು ಫೈಲನ್ನೂ ಜೊತೆಗೆ ಒಯ್ಯಲಿಲ್ಲ. ಮೊನ್ನೆ ಅವನೇ ಫೋನ್ ಮಾಡಿ "ಆ ಅಂಗಡಿ ಯಾವುದು?" ಅಂತ ಕೇಳಿದ. ಹಾಗಾಗಿ ಬರೆಯುವ ಧೈರ್ಯ ಬಂತು.

ನಮ್ಮ ಮನೆ ಪುತ್ತೂರಿನ ಹತ್ತಿರ. ಫೈಲು ಕೂಡಿಡಲು ಮನೆಯಲ್ಲಿ ಇಟ್ಟ ಸರ್ವರ್ ಕಂಪ್ಯೂಟರಿನಲ್ಲಿ ಸಿನಿಮಾಗಳೂ ಇವೆ, ಅವು ಹೋದರೆ ಮತ್ತೆ ಸಿಗುತ್ತವೆ. ನನಗೆ ಚಿಂತೆ ಇದ್ದದ್ದು ಅಪ್ಪ ಸೇರಿಸಿಟ್ಟ ತಾಳಮದ್ದಳೆ ಕ್ಯಾಸೆಟ್ಟುಗಳದ್ದು, ಆಮೇಲೆ ಹ್ಯಾಂಡಿಕ್ಯಾಮ್‌ನಲ್ಲಿ ಹಿಡಿದ ಯಕ್ಷಗಾನ ಆಟಗಳದ್ದು. ಹ್ಯಾಂಡಿಕ್ಯಾಮಿನ ಮಿನಿ ಡಿವಿ ಟೇಪನ್ನು ಕಂಪ್ಯೂಟರಿಗೆ ಇಳಿಸಿದರೆ ಗಂಟೆಗೆ 13 ಜಿಬಿ ತಿನ್ನುತ್ತದೆ. ರಾತ್ರಿಯಿಡೀ ಆಟ ಅಂದರೆ 100 ಜಿಬಿ ಹೋಯಿತು ಅಂತಲೇ ಲೆಕ್ಕ.

ಮೊದಲ ಪೆಟ್ಟು ತಿಂದದ್ದು ಹೊಸ ಡಿಸ್ಕುಗಳಿಂದಲೇ. 2016ರಲ್ಲಿ ಒಂದೇ ಅಂಗಡಿಯಿಂದ, ಒಂದೇ ದಿನ, 4 ಟಿಬಿಯ ನಾಲ್ಕು ಡಿಸ್ಕು ತಂದೆ. ಹತ್ತಿರ ಹತ್ತಿರ 38 ಸಾವಿರ ರೂಪಾಯಿ. ಸೀರಿಯಲ್ ನಂಬರುಗಳು ಅಕ್ಕಪಕ್ಕದವು. ಅದು ನನಗೆ ಹೆಮ್ಮೆಯ ವಿಷಯ ಬೇರೆ! ಒಂದು ಡಿಸ್ಕು ಹೋದರೂ ಡೇಟಾ ಉಳಿಯುವ, ಎರಡು ಹೋದರೆ ಎಲ್ಲವೂ ಹೋಗುವ ರೇಡ್ 5 ಜೋಡಣೆ ಕಟ್ಟಿದೆ. ಎರಡು ವರ್ಷ ಕಳೆದು, ಅಕ್ಟೋಬರಿನ ಗುಡುಗು ಶುರುವಾದ ಹೊತ್ತಿಗೆ ಒಂದು ಹೋಯಿತು. ಬದಲಿ ಹಾಕಿ, ಹೋದ ಡಿಸ್ಕಿನ ಡೇಟಾ ಮತ್ತೆ ಕಟ್ಟಿಕೊಳ್ಳಲಿ ಅಂತ ರೀಬಿಲ್ಡ್‌ಗೆ ಬಿಟ್ಟೆ. 60 ಪರ್ಸೆಂಟ್ ದಾಟಿತ್ತೋ ಏನೋ, ಎರಡನೆಯದೂ ಹೋಯಿತು. ಒಂದೇ ದಿನ ಹುಟ್ಟಿ, ಒಂದೇ ಬಿಸಿಯಲ್ಲಿ ಓಡಿದ ಡಿಸ್ಕುಗಳು ಒಟ್ಟಿಗೇ ಸುಸ್ತಾಗುವುದೂ ಉಂಟು. ಸುಮಾರು 70 ಗಂಟೆಯ ರೆಕಾರ್ಡಿಂಗ್ ಮಣ್ಣುಪಾಲು. ಕ್ಯಾಸೆಟ್ಟುಗಳು ಇದ್ದವು ನಿಜ, ಆದರೆ ನಮ್ಮೂರ ಮಳೆಗಾಲಕ್ಕೆ ಅಷ್ಟರಲ್ಲಿ ಕೆಲವಕ್ಕೆ ಬೂಷ್ಟು ಹಿಡಿದಿತ್ತು.

ಎರಡನೇ ಸಲ ಕಡಿಮೆ ಬೆಲೆಗೆ ಆಸೆಪಟ್ಟೆ. ಆ ಡಿಸ್ಕುಗಳು ಎಸ್‌ಎಂಆರ್, ಅಂದರೆ ಹಂಚು ಹೊದಿಸಿದ ಹಾಗೆ ಸಾಲಿನ ಮೇಲೆ ಸಾಲು ಬರೆಯುವ, ತುಂಬಾ ಬರೆಯುವಾಗ ನಿಧಾನವಾಗುವ ಜಾತಿಯವು ಅಂತ ಲೇಬಲ್ಲಿನಲ್ಲಿ ಎಲ್ಲೂ ಇರಲಿಲ್ಲ. ಕಾಪಿ ಸೆಕೆಂಡಿಗೆ 150 ಎಂಬಿಯಲ್ಲಿ ಶುರುವಾಗಿ, ಸ್ವಲ್ಪ ಹೊತ್ತಿಗೆ 15 ಎಂಬಿಗೆ ಇಳಿದು ಕೂತುಬಿಡುತ್ತಿತ್ತು. ಒಮ್ಮೆ ರೀಬಿಲ್ಡ್‌ಗೆ ಒಂಬತ್ತು ದಿನ ಹಿಡಿಯಿತು. 2020ರಲ್ಲಿ ಈ ವಿಷಯ ದೊಡ್ಡ ಗಲಾಟೆ ಆದ ಮೇಲೆಯೇ ಕಂಪನಿಗಳು ಯಾವ ಮಾದರಿ ಎಸ್‌ಎಂಆರ್ ಅಂತ ಪಟ್ಟಿ ಹೊರಬಿಟ್ಟದ್ದು. ಈಗ ಅವು ಬೀರುವಿನಲ್ಲಿವೆ. ತಿಂಗಳಿಗೊಮ್ಮೆ ತೆಗೆದು ಬ್ಯಾಕಪ್ ಮಾಡಿ ಮತ್ತೆ ಒಳಗಿಡುತ್ತೇನೆ. ಆ ಕೆಲಸಕ್ಕೆ ಏನೂ ತೊಂದರೆ ಇಲ್ಲ.

ಅಲ್ಲಿಂದ ಬ್ರ್ಯಾಂಡ್ ಯೋಚನೆ ಬಿಟ್ಟೆ. ಜನರ ಫೈಲುಗಳ ಬ್ಯಾಕಪ್ ಇಟ್ಟುಕೊಳ್ಳುವ ಬ್ಯಾಕ್‌ಬ್ಲೇಜ್ ಕಂಪನಿಯವರು ತಮ್ಮ ಡಿಸ್ಕುಗಳು ಎಷ್ಟು ಸತ್ತವು ಅಂತ ಮೂರು ತಿಂಗಳಿಗೊಮ್ಮೆ ಕೊಡುವ ಅಂಕಿ ನೋಡಿ, ಒಂದೇ ಕಂಪನಿಯ ಒಂದು ಮಾದರಿ ಚಿನ್ನ, ಇನ್ನೊಂದು ಕಬ್ಬಿಣ. ಅದೂ ಅವರ ಡಿಸ್ಕುಗಳು ಇರುವುದು ಎಸಿ ಕೋಣೆಯಲ್ಲಿ, ನನ್ನದು ಹಂಚಿನ ಮನೆಯ ಅಟ್ಟದ ಕೆಳಗೆ.

2021ರಲ್ಲಿ ಅಡಿಕೆಗೆ ರೇಟು ಚೆನ್ನಾಗಿತ್ತು, ಮನೆಯಲ್ಲಿ ಜಾಸ್ತಿ ಜಗಳ ಆಗಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ಡೇಟಾ ಸೆಂಟರಿನಿಂದ ಬಿಚ್ಚಿದ 8 ಟಿಬಿ ಡಿಸ್ಕು ಏಳು ತಂದೆ. ಒಂದಕ್ಕೆ ಏಳು ಸಾವಿರದ ಆಸುಪಾಸು. ಎರಡು ಅಂಗಡಿ, ಮೂರು ಮಾದರಿ, ಬೇರೆ ಬೇರೆ ವರ್ಷದವು. ಹತ್ತು ದಿನದೊಳಗೆ ವಾಪಸ್ ತಗೊಳ್ಳಬೇಕು ಅಂತ ಬಿಲ್ಲಿನ ಮೇಲೆ ಬರೆಸಿಕೊಂಡೆ. ಎಲ್ಲವೂ 40 ಸಾವಿರ ಗಂಟೆ ಓಡಿದವು. ಅದಕ್ಕೆ ಹೆದರಬೇಡಿ. ಐದು ವರ್ಷದ ಹಿಂದಿನ ತಾರೀಕಿನ ಲೇಬಲ್ ಇದ್ದು, ಸೊನ್ನೆ ಗಂಟೆ ತೋರಿಸುವ ಡಿಸ್ಕಿಗೆ ಹೆದರಿ. ಯಾರೋ ಮೀಟರ್ ತಿರುಗಿಸಿರುವ ಸಾಧ್ಯತೆಯೇ ಹೆಚ್ಚು.

ಮನೆಗೆ ತಂದು ಒಂದು ವಾರ ಗೋಳು ಹೊಯ್ದುಕೊಂಡೆ. ಮೊದಲು ಡಿಸ್ಕು ತನ್ನ ಆರೋಗ್ಯವನ್ನು ತಾನೇ ನೋಡಿಕೊಳ್ಳುವ ಸ್ಮಾರ್ಟ್ ಲಾಂಗ್ ಟೆಸ್ಟ್, ಆಮೇಲೆ ಡಿಸ್ಕಿನ ತುಂಬಾ ಬರೆದು ಓದಿ ಕೆಟ್ಟ ಜಾಗ ಹುಡುಕುವ ಬ್ಯಾಡ್‌ಬ್ಲಾಕ್ಸ್ ಪ್ರೋಗ್ರಾಮಿನ ನಾಲ್ಕೂ ಪ್ಯಾಟರ್ನ್, ಮತ್ತೆ ಲಾಂಗ್ ಟೆಸ್ಟ್. 8 ಟಿಬಿಗೆ ಬ್ಲಾಕ್ ಸೈಜು (ಒಂದು ತುಂಡಿನ ಅಳತೆ) ದೊಡ್ಡದು ಮಾಡಿ 4096 ಕೊಡುವ ತನಕ ಬ್ಯಾಡ್‌ಬ್ಲಾಕ್ಸ್ ಶುರುವೇ ಆಗಲಿಲ್ಲ, ನನಗೆ ಅರ್ಧ ದಿನ ಹಾಳಾಯಿತು. ಒಂದೊಂದಕ್ಕೂ ನಾಲ್ಕೂವರೆ ದಿನ. ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಜಾಗಗಳ ಲೆಕ್ಕ ಹೇಳುವ 5, 197, 198ನೇ ನಂಬರು ಮೂರೂ ಕೊನೆಗೆ ಸೊನ್ನೆಯಲ್ಲೇ ಇರಬೇಕು. ಒಂದು ಡಿಸ್ಕಿನ 5ನೇ ನಂಬರು ಸೊನ್ನೆಯಿಂದ ಎಂಟಕ್ಕೆ ಏರಿತು. "ಎಂಟೇ ಅಲ್ವಾ ಸಾರ್" ಅಂದ ಅಂಗಡಿಯವನು. ಎಂಟು ಇವತ್ತಿನ ಲೆಕ್ಕ, ನಾಳೆ ಎಂಬತ್ತು. ವಾಪಸ್ ಕೊಟ್ಟೆ. ಇನ್ನೊಂದು ಸದ್ದಿನಿಂದಲೇ ಸಿಕ್ಕಿಬಿತ್ತು, ಅದೂ ವಾಪಸ್. ಉಳಿದದ್ದು ಐದು. ಅಂಗಡಿಯಲ್ಲೇ ಎರಡು ನಿಮಿಷದಲ್ಲಿ ಮಾಡುವ ಒಂದು ಪರೀಕ್ಷೆಯೂ ಇದೆ. ಅದನ್ನು ಇಲ್ಲಿ ಬರೆದರೆ ನಾಳೆ ನನಗೇ ಒಳ್ಳೆ ಡಿಸ್ಕು ಸಿಗುವುದಿಲ್ಲ, ಕ್ಷಮಿಸಿ.

ಒಂದು ಸಲ ಮಾತ್ರ ಒಳ್ಳೆ ಡಿಸ್ಕನ್ನೇ ಬಯ್ದೆ. ಡೇಟಾ ಸಾಗುವ ದಾರಿಯಲ್ಲಿ ಆದ ತಪ್ಪುಗಳ ಲೆಕ್ಕವಾದ 199ನೇ ನಂಬರು ಏರುತ್ತಾ ಹೋಯಿತು. ಡಿಸ್ಕು ಹೋಯಿತು ಅಂತ ತೆಗೆದಿಟ್ಟು, ಇನ್ನೊಂದು ಹಾಕಿದರೆ ಅದರದ್ದೂ ಏರಿತು! ತಪ್ಪು ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ 80 ರೂಪಾಯಿಯ ಸಾಟಾ ಕೇಬಲಿನದು.

ಬಿಸಿಯ ಜೊತೆ ಆಟ ಆಡಿದ್ದೂ ಉಂಟು. ಏಪ್ರಿಲಿನಲ್ಲಿ 48 ಡಿಗ್ರಿ ತೋರಿಸುತ್ತಿತ್ತು. ಎರಡು ಡಿಸ್ಕಿನ ಮಧ್ಯೆ ಒಂದು ಖಾನೆ ಖಾಲಿ ಬಿಟ್ಟು, ಮುಂದೆ ದೊಡ್ಡ ಫ್ಯಾನ್ ಇಟ್ಟ ಮೇಲೆ 39ಕ್ಕೆ ಇಳಿಯಿತು. ನಡುಕ ತಡೆಯಲು ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸ್ಕ್ರೂ ಅಡಿಗೆ ಕೊಟ್ಟೆ. ಡಿಸ್ಕಿಗೆ ಲಾಭ ಆಯಿತೋ ಗೊತ್ತಿಲ್ಲ, ಗುಯ್‌ಗುಟ್ಟುವುದು ನಿಂತು ನಮಗೆ ನಿದ್ದೆ ಬಂತು. ಕರೆಂಟು ಉಳಿಸಲು, ಇಪ್ಪತ್ತು ನಿಮಿಷ ಕೆಲಸ ಇಲ್ಲದಿದ್ದರೆ ಡಿಸ್ಕು ತಿರುಗುವುದನ್ನು ನಿಲ್ಲಿಸಿ ಮಲಗಿಸಿಯೂ ನೋಡಿದೆ. ಐದೂ ಓಡಿದರೆ ತಿಂಗಳಿಗೆ 22 ಯುನಿಟ್, ಅಂದರೆ ನೂರೈವತ್ತು ರೂಪಾಯಿ. ಅಷ್ಟಕ್ಕೆ ದಿನಕ್ಕೆ ಮೂವತ್ತು ಸಲ ಎಬ್ಬಿಸಿ ಮಲಗಿಸುವುದು ಬೇಡ ಅನಿಸಿ ಬಿಟ್ಟುಬಿಟ್ಟೆ.

ರೇಡ್ 5 ಮತ್ತೆ ಮುಟ್ಟಲಿಲ್ಲ. ಈಗ ಸ್ನಾಪ್‌ರೇಡ್ ಅನ್ನುವ ಸಾಫ್ಟ್‌ವೇರ್: ನಾಲ್ಕು ಡೇಟಾ ಡಿಸ್ಕು, ಒಂದು ಪ್ಯಾರಿಟಿ, ಅಂದರೆ ಒಂದು ಡಿಸ್ಕು ಸತ್ತರೆ ಅದರದ್ದನ್ನು ಮರಳಿ ಕಟ್ಟಲು ಲೆಕ್ಕ ಇಟ್ಟುಕೊಳ್ಳುವ ಡಿಸ್ಕು. ಒಮ್ಮೆ ಬರೆದರೆ ಬದಲಾಗದ ಫೈಲುಗಳಿಗೆ ಇದಕ್ಕಿಂತ ಹಗುರದ್ದು ನನಗೆ ಕಂಡಿಲ್ಲ. ಎರಡು ಡಿಸ್ಕು ಒಟ್ಟಿಗೆ ಸತ್ತರೂ ಉಳಿದವುಗಳ ಫೈಲು ಹಾಗೇ ಇರುತ್ತದೆ. 2023ರ ಮಳೆಗಾಲದಲ್ಲಿ ಒಂದರ 197 ಏರತೊಡಗಿತು. ಕಾಯಲಿಲ್ಲ, ಬೇರೆ ತಂದು ಹಾಕಿದೆ. ಒಂದು ಹಗಲು ಒಂದು ರಾತ್ರಿಯಲ್ಲಿ ಎಲ್ಲ ವಾಪಸ್ ಬಂತು.

ಗುಡುಗು ಕೇಳಿದರೆ ಈಗಲೂ ಪ್ಲಗ್ಗಿನ ಜೊತೆ ನೆಟ್‌ವರ್ಕ್ ವೈರನ್ನೂ ಕೀಳುತ್ತೇನೆ. ಸಿಡಿಲಿಗೆ ದಾರಿ ಅದೂ ಸಾಕು.

ಅಂಗಡಿಯ ಹೆಸರು? ಹೆಂಡತಿಯ ತಮ್ಮನಿಗೂ ಹೇಳಿಲ್ಲ. ನನಗೆ ಇನ್ನೂ ಎರಡು ಡಿಸ್ಕು ಬೇಕಾಗಿದೆ.