ಕಾರವಾರಕ್ಕೆ ಹೊಸದಾಗಿ ಬಂದವರಿಗೆ: ಮದುವೆ ಬಟ್ಟೆ ಆಲ್ಟರ್ ಮಾಡಿಸುವ ಮುನ್ನ

ಕೈಗಾ ಅಣುಸ್ಥಾವರಕ್ಕೋ ಸೀಬರ್ಡ್ ನೌಕಾನೆಲೆಗೋ ಜಿಲ್ಲಾ ಕಚೇರಿಗೋ ವರ್ಗವಾಗಿ ಬಂದ ನಮ್ಮವರ ಮನೆಗಳಲ್ಲಿ ಮದುವೆ ಬಂತೆಂದರೆ ಕ್ರಮ ಒಂದೇ. ಸೀರೆ ಊರಲ್ಲೇ ತೆಗೆಯುತ್ತಾರೆ, ಅಳತೆಗೆ ಹಳೇ ರವಿಕೆ ಕೊಟ್ಟು ಊರಿನ ಟೇಲರ್ ಹತ್ತಿರವೇ ಹೊಲಿಸುತ್ತಾರೆ, ಹೊಲಿದದ್ದು ಬಸ್ಸಿನ ಪಾರ್ಸಲ್ಲಿನಲ್ಲಿ ಇಲ್ಲಿಗೆ ಬರುತ್ತದೆ. ಮದುವೆಗೆ ಒಂದು ವಾರ ಇರುವಾಗ ಹಾಕಿ ನೋಡಿದರೆ ಕಂಕುಳಲ್ಲಿ ಹಿಡಿಯುತ್ತದೆ. ಆಮೇಲೆ ಇಲ್ಲಿನ ಟೇಲರ್ ಹೇಳಿದ ರೇಟು ಕೇಳಿ, "ಹೊಲಿಗೆ ಬಿಚ್ಚಿ ಹಾಕೋದಕ್ಕೆ ಇಷ್ಟಾ?" ಎಂದು ಅಂಗಡಿಯಲ್ಲಿ ನಿಂತು ವಾದ. ದಯವಿಟ್ಟು ಬೇಡ. ನಮ್ಮ ಕಡೆಯವರು ಚೌಕಾಸಿಯವರು ಎಂಬ ಹೆಸರು ಬೇಡ. ಆ ರೇಟಿಗೆ ಕಾರಣ ಇದೆ. ಅದನ್ನು ಅರ್ಧಕ್ಕೆ ಇಳಿಸುವ ದಾರಿಯೂ ಇದೆ, ಆದರೆ ಆ ದಾರಿ ಹೊಲಿಸುವ ಮೊದಲೇ ಶುರುವಾಗಬೇಕು.

ದುಡ್ಡು ಎಲ್ಲಿಗೆ ಹೋಗುತ್ತದೆ

ಸಾದಾ ಕಾಟನ್ ರವಿಕೆಯ ಪಕ್ಕದ ಹೊಲಿಗೆ ಬಿಡಿಸಿ ಸಡಿಲ ಮಾಡುವುದು ಹತ್ತು ನಿಮಿಷದ ಕೆಲಸ. ಮದುವೆ ರವಿಕೆ ಹಾಗಲ್ಲ. ಮೇಲೆ ರೇಷ್ಮೆ, ಒಳಗೆ ಲೈನಿಂಗು, ಕತ್ತಿಗೆ ಪೈಪಿಂಗು, ಅದರ ಮೇಲೆ ಆರಿ ವರ್ಕು, ಅಂದರೆ ಕೊಕ್ಕೆಸೂಜಿಯಲ್ಲಿ ಮಣಿ, ಜರಿ ಕೂರಿಸುವ ಕಸೂತಿ. ಬೆಂಗಳೂರು ಕಡೆಯವರು ಮಗ್ಗಂ ವರ್ಕ್ ಅನ್ನುವುದು ಇದನ್ನೇ. ಒಂದು ಪಕ್ಕ ಸಡಿಲಿಸಬೇಕೆಂದರೆ ಮೊದಲು ತೋಳು ಬಿಚ್ಚಬೇಕು, ಲೈನಿಂಗನ್ನೂ ರೇಷ್ಮೆಯನ್ನೂ ಬೇರೆಬೇರೆ ಬಿಡಿಸಬೇಕು, ಮತ್ತೆ ಸೇರಿಸಿ ತೋಳು ಕೂರಿಸಬೇಕು.

ನಿಜವಾದ ಖರ್ಚು ಮಣಿಯಲ್ಲಿದೆ. ಹೊಲಿಗೆ ಸಾಲಿನ ಮೇಲೆ ಒಂದು ಗಾಜಿನ ಮಣಿ ಉಳಿದರೂ ಮಶೀನಿನ ಸೂಜಿ ಅದಕ್ಕೆ ಬಡಿದು ಮುರಿಯುತ್ತದೆ, ಮುರಿದ ತುದಿ ರೇಷ್ಮೆ ಸೀಳುತ್ತದೆ. ಹಾಗೆಂದು ದಾರ ಕತ್ತರಿಸಿ ಮಣಿ ತೆಗೆಯುವಂತಿಲ್ಲ. ಆರಿ ಕೆಲಸ ಸರಪಳಿ ಹೊಲಿಗೆ, ಒಂದು ಕಡೆ ಎಳೆ ಕಡಿದರೆ ಸಾಲಿಗೆ ಸಾಲೇ ಬಿಚ್ಚಿಕೊಂಡು ಬರುತ್ತದೆ. ಅದಕ್ಕೇ ಬಲ್ಲ ಟೇಲರ್ ಚಿಕ್ಕ ಇಕ್ಕಳ ಹಿಡಿದು, ದಾರಕ್ಕೆ ತಾಗದ ಹಾಗೆ ಒಂದೊಂದೇ ಮಣಿ ಒಡೆಯುತ್ತಾರೆ, ಪುಡಿ ಕೊಡವುತ್ತಾರೆ, ಸಡಿಲಾದ ಎಳೆಯನ್ನು ಹಿಂಬದಿಗೆ ತಂದು ಗಂಟು ಹಾಕುತ್ತಾರೆ. ಹೊಲಿದಾದ ಮೇಲೆ ಬೋಳಾದ ಜಾಗಕ್ಕೆ ಕೈಸೂಜಿಯಲ್ಲಿ ಹೊಸ ಮಣಿ ಕೂರಿಸಬೇಕು. ಎರಡು ಕಂಕುಳಿಗೆ ಒಬ್ಬರ ಅರ್ಧ ದಿನ ಹೋಗುತ್ತದೆ. ನೀವು ಕೊಡುವುದು ಆ ಅರ್ಧ ದಿನದ ಕೂಲಿ.

ಒಳಗೆ ಬಟ್ಟೆ ಬಿಡಿಸಿ

ಇದೊಂದನ್ನು ಮಾತ್ರ ಮರೆಯಬೇಡಿ. ಊರಿನ ಟೇಲರಿಗೆ ಪ್ರತಿ ಪಕ್ಕದ ಹೊಲಿಗೆಯ ಒಳಗೂ ಒಂದೂವರೆ ಇಂಚು ಬಟ್ಟೆ ಬಿಡಲು ಹೇಳಿ, ಲೈನಿಂಗಿನಲ್ಲೂ ಅಷ್ಟೇ. ಲೆಕ್ಕ ಸುಲಭ. ಪಕ್ಕದ ಹೊಲಿಗೆಯನ್ನು ಕಾಲು ಇಂಚು ಹೊರಗೆ ಸರಿಸಿದರೆ ಮುಂಭಾಗಕ್ಕೆ ಕಾಲು, ಹಿಂಭಾಗಕ್ಕೆ ಕಾಲು. ಎರಡು ಪಕ್ಕ ಸೇರಿ ಒಟ್ಟು 1 ಇಂಚು ಸಡಿಲ. ಅರ್ಧ ಇಂಚು ಸರಿಸಿದರೆ 2 ಇಂಚು. ಒಂದೂವರೆ ಇಂಚು ಬಿಟ್ಟಿದ್ದರೆ ಅರ್ಧ ಇಂಚು ಅಂಚಿಗೆ ಉಳಿಸಿಕೊಂಡೂ 4 ಇಂಚಿನವರೆಗೆ ಸಡಿಲಿಸಬಹುದು. ರವಿಕೆ ಚೊಕ್ಕ ಕಾಣಲಿ ಎಂದು ಒಳಬಟ್ಟೆಯನ್ನೆಲ್ಲ ಕತ್ತರಿಸಿ ಓವರ್‌ಲಾಕ್ ಹೊಡೆದರೆ, ಆಮೇಲೆ ಯಾವ ಟೇಲರೂ ಏನೂ ಮಾಡಲಾಗುವುದಿಲ್ಲ. ಬೇರೆ ಬಟ್ಟೆಯ ಪಟ್ಟಿ ಸೇರಿಸುವುದೊಂದೇ ಗತಿ.

ಪಾರ್ಸಲ್ ಕೈಗೆ ಬಂದ ದಿನವೇ ರವಿಕೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ಲೈನಿಂಗ್ ಮೇಲೆ ಬೆರಳಾಡಿಸಿದರೆ ಒಳಗಿನ ಮಡಿಕೆಯ ಅಂಚು ಎಲ್ಲಿಗೆ ನಿಲ್ಲುತ್ತದೆ ಎಂದು ತಿಳಿಯುತ್ತದೆ.

ಆರಿ ವರ್ಕ್ ಮಾಡುವವರಿಗೆ ಎರಡು ಮಾತು ಹೇಳಿ. ಒಂದು, ಪಕ್ಕದ ಹೊಲಿಗೆ ಮತ್ತು ತೋಳಿನ ಒಳಹೊಲಿಗೆಯಿಂದ 1 ಇಂಚು ಈಚೆಗೇ ವರ್ಕ್ ನಿಲ್ಲಿಸಬೇಕು. ಕಂಕುಳಡಿಯ ಮಣಿ ಯಾರ ಕಣ್ಣಿಗೂ ಬೀಳುವುದಿಲ್ಲ, ಚರ್ಮ ಮಾತ್ರ ತರಚುತ್ತದೆ. ಇನ್ನೊಂದು, ಮಿಕ್ಕ ಮಣಿ, ಜರಿ ದಾರ ಎಲ್ಲವನ್ನೂ ಒಂದು ಪೊಟ್ಟಣ ಕಟ್ಟಿ ಕೊಡಬೇಕು. ಅದೇ ಬಣ್ಣದ, ಅದೇ ಗಾತ್ರದ ಮಣಿಗಾಗಿ ಇಲ್ಲಿಂದ ಮಡಗಾಂವಿಗೋ ಹುಬ್ಬಳ್ಳಿಗೋ ಹೋದರೆ ಬಸ್ ಚಾರ್ಜೇ ಮಣಿಗಿಂತ ಹೆಚ್ಚಾಗುತ್ತದೆ.

ವರ್ಕ್ ಮಾಡಿಸುವ ಮೊದಲು ಕಚ್ಚಾ ಹೊಲಿಗೆ ಹಾಕಿಸಿ ಒಮ್ಮೆ ಟ್ರಯಲ್ ನೋಡಿ. ಅಳತೆಗೆ ಕೊಡುವ ಹಳೇ ರವಿಕೆ ಎರಡು ವರ್ಷದ ಹಿಂದಿನ ಮೈಯದ್ದು, ಮದುಮಗಳದ್ದಲ್ಲ.

ಏನು ಆಗುತ್ತದೆ, ಏನು ಆಗುವುದಿಲ್ಲ

- ಬಿಗಿ ಮಾಡುವುದು: ಆಗುತ್ತದೆ. ಹೊಸ ಹೊಲಿಗೆ ಸಾಲಿನಲ್ಲಿ ಮಣಿ ಇಲ್ಲದಿದ್ದರೆ ಕಡಿಮೆ ಖರ್ಚು.
- ಸಡಿಲ ಮಾಡುವುದು: ಒಳಗೆ ಬಟ್ಟೆ ಇದ್ದರೆ ಮಾತ್ರ.
- ಆಳವಾದ ಕತ್ತು ಏರಿಸುವುದು: ಆಗುವುದಿಲ್ಲ. ನೆಟ್ ಅಥವಾ ಪಟ್ಟಿ ಕೂರಿಸಬೇಕು.
- ತೋಳು ಉದ್ದ ಮಾಡುವುದು: ಅಂಚಿನಲ್ಲಿ ವರ್ಕ್ ಇದ್ದರೆ ಆಗುವುದಿಲ್ಲ.
- ಭುಜ ಜಾರುವುದು: ಹಿಂದೆ ಡೋರಿ ಕಟ್ಟಿಸಿದರೆ ಸಾಕು. ಭುಜ ಬಿಚ್ಚಿಸಬೇಡಿ.

ಕಂಕುಳು ಹಿಡಿದಾಗ "ಸ್ವಲ್ಪ ಕೆಳಗೆ ಕತ್ತರಿಸಿ" ಎಂದು ಹೇಳುವವರೇ ಹೆಚ್ಚು. ಅದು ತಪ್ಪು. ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ರವಿಕೆ ಮೇಲೆ ಎಳೆದುಕೊಂಡು ಬರುತ್ತದೆ. ಪಕ್ಕದ ಹೊಲಿಗೆಯ ಮೇಲಿನ 3 ಇಂಚು ಮತ್ತು ತೋಳಿನ ಒಳಹೊಲಿಗೆ ಮಾತ್ರ ಸಡಿಲಿಸಲು ಹೇಳಿ. ಅಲ್ಲಿ ಬಟ್ಟೆ ಇಲ್ಲದಿದ್ದರೆ ಅದೇ ಬಟ್ಟೆಯ ಎರಡೂವರೆ ಇಂಚಿನ ಚೌಕ ತುಂಡನ್ನು ವಜ್ರದಾಕಾರ ತಿರುಗಿಸಿ ಕಂಕುಳಡಿ ಕೂರಿಸುತ್ತಾರೆ. ಅದಕ್ಕೇ ರವಿಕೆ ಬಟ್ಟೆಯ ಕತ್ತರಿಸಿ ಉಳಿದ ತುಂಡನ್ನು ಕೇಳಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ. ಶುದ್ಧ ರೇಷ್ಮೆಯಲ್ಲಿ ಹಳೇ ಹೊಲಿಗೆಯ ತೂತು ಉಳಿಯುತ್ತದೆ. ಸಡಿಲಿಸಿದ ಮೇಲೆ ಆ ಗೆರೆ ಕಂಡರೆ ಟೇಲರಿನ ತಪ್ಪಲ್ಲ.

ಟ್ರಯಲ್ ಹೇಗೆ ನೋಡಬೇಕು

ಮದುವೆ ದಿನ ಹಾಕುವ ಒಳಉಡುಪನ್ನೇ ಹಾಕಿ. ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಎಲ್ಲ ರವಿಕೆಯೂ ಸರಿಯಾಗಿಯೇ ಕಾಣುತ್ತದೆ. ಮಾಲೆ ಹಾಕುವ ಹಾಗೆ ಎರಡೂ ಕೈ ಎತ್ತಿ, ಧಾರೆಗೆ ಹಿಡಿಯುವ ಹಾಗೆ ಕೈ ಮುಂದೆ ಚಾಚಿ, ನಮಸ್ಕಾರಕ್ಕೆ ಬಗ್ಗಿ, ಮಣೆ ಮೇಲೆ ಕೂತು ಎದ್ದು ನೋಡಿ. ಹುಕ್ಕಿನ ಪಟ್ಟಿ ಬಾಯಿ ಬಿಟ್ಟರೆ ಎದೆಯಲ್ಲಿ ಅರ್ಧ ಇಂಚು ಬೇಕು ಎಂದರ್ಥ.

ಕೊನೆಯ ಟ್ರಯಲ್ ಮದುವೆಗೆ 10 ದಿನ ಮೊದಲು. ಅದಕ್ಕಿಂತ ಮೊದಲಾದರೆ ಮದುಮಗಳು ಇನ್ನೂ ಇಳಿಯುತ್ತಾಳೆ, ತಡವಾದರೆ ಅರ್ಜೆಂಟ್ ರೇಟು.

ಲೆಹಂಗಾ

ಆರತಕ್ಷತೆಗೆ ಕೊಂಡ ರೆಡಿಮೇಡ್ ಲೆಹಂಗಾ ಉದ್ದವಾಯಿತೆಂದು ಕೆಳಗಿನಿಂದ ಕತ್ತರಿಸುವಂತಿಲ್ಲ, ಬಾರ್ಡರ್ ಇರುವುದು ಅಲ್ಲೇ. ಸೊಂಟದಿಂದ ಕತ್ತರಿಸಬೇಕು. ಆದರೆ ಕಳಿಗಳು (ಲೆಹಂಗಾಕ್ಕೆ ಸೇರಿಸಿ ಹೊಲಿದ ಉದ್ದನೆಯ ತುಂಡುಗಳು) ಕೆಳಕ್ಕೆ ಹೋದಂತೆ ಅಗಲವಾಗುತ್ತವೆ, ಹಾಗಾಗಿ ಮೇಲಿನಿಂದ 3 ಇಂಚು ತೆಗೆದರೆ ಸೊಂಟ ದೊಡ್ಡದಾಗುತ್ತದೆ. ಒಂದೊಂದು ಕಳಿಯನ್ನೂ ಹಿಡಿಸಿ, ಲೈನಿಂಗ್ ಮತ್ತು ಕ್ಯಾನ್‌ಕ್ಯಾನನ್ನೂ (ಉಬ್ಬಿ ನಿಲ್ಲಲು ಒಳಗೆ ಹಾಕುವ ಗಟ್ಟಿ ನೆಟ್) ಅಷ್ಟೇ ಇಳಿಸಿ, ಪಟ್ಟಿ, ಜಿಪ್ಪು ಹೊಸದಾಗಿ ಕೂರಿಸಬೇಕು. 12 ಕಳಿ ಇದ್ದರೆ 12 ಹೊಲಿಗೆ. ಅಳತೆಗೆ ಹೋಗುವಾಗ ಅಂದು ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಹಿಮ್ಮಡಿ 2 ಇಂಚು ಎತ್ತರವಿದ್ದರೆ ಅಷ್ಟು ಕತ್ತರಿಸುವುದೇ ಬೇಕಿಲ್ಲದಿರಬಹುದು.

ಗಂಡಿನ ಬಟ್ಟೆ

- ಪ್ಯಾಂಟು: ಅಡಿಯಲ್ಲಿ 2 ಇಂಚು ಮಡಿಸಿರಬೇಕು.
- ಶೇರ್ವಾನಿ, ಕೋಟು: ಪಕ್ಕ, ತೋಳಿನ ಉದ್ದ ಸರಿ ಮಾಡಬಹುದು. ಭುಜ ಸರಿಯಿಲ್ಲದಿದ್ದರೆ ಕೊಳ್ಳಲೇಬೇಡಿ.
- ಪಂಚೆ, ಶಲ್ಯ: ಏನೂ ಇಲ್ಲ.

ಸೀರೆ

ಫಾಲ್ ಪಟ್ಟಿಯನ್ನೂ ಲೈನಿಂಗ್ ಬಟ್ಟೆಯನ್ನೂ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಹೊಲಿಯಲು ಕೊಡಬೇಕು. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೆ ಅವು ಕುಗ್ಗುತ್ತವೆ, ಮೇಲಿನ ರೇಷ್ಮೆ ನಿರಿಗೆಗಟ್ಟುತ್ತದೆ. ಮತ್ತೆ ಬಿಚ್ಚಿಸುವ ಖರ್ಚು ನಿಮ್ಮದೇ. ಕುಚ್ಚು ಕಟ್ಟಿಸಲು 15 ದಿನ ಮೊದಲೇ ಕೊಡಿ.

ಇಲ್ಲಿನ ಕಾಲ, ಇಲ್ಲಿನ ಗಾಳಿ

ಕರಾವಳಿಯ ಟೇಲರುಗಳಿಗೆ ಚೌತಿ ದೊಡ್ಡ ಸೀಸನ್. ಹಬ್ಬದ ಹಿಂದಿನ ಮೂರು ವಾರ ಆಲ್ಟರ್ ಕೆಲಸಕ್ಕೆ ಹೋಗಲೇಬೇಡಿ. ಮೇ ತಿಂಗಳಲ್ಲಿ ಮದುವೆಯ ಜೊತೆ ಶಾಲೆಯ ಯೂನಿಫಾರ್ಮೂ ಸೇರುತ್ತದೆ. ಶಿರಸಿಯಲ್ಲಿ ಕೆಲಸ ಕೊಡುವವರು ಮಾರಿಕಾಂಬಾ ಜಾತ್ರೆಯ ವರ್ಷವೇ ಎಂದು ಕೇಳಿಕೊಳ್ಳಿ, ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅದು. ಮಳೆಗಾಲದಲ್ಲಿ ಬಸ್ಸಿನ ಪಾರ್ಸಲ್ ನೆಚ್ಚಿಕೊಳ್ಳಬೇಡಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಶ್ರಾವಣದ ಮದುವೆಗೆ ಬಟ್ಟೆ ಆಷಾಢಕ್ಕೆ ಮೊದಲೇ ಮನೆಯಲ್ಲಿರಲಿ.

ಮೈಸೂರು, ಹಾಸನದ ಗಾಳಿಗೆ ನಡೆದದ್ದು ಇಲ್ಲಿ ನಡೆಯುವುದಿಲ್ಲ. ಇಲ್ಲಿ ಬೆವರು ನಿಲ್ಲುವುದೇ ಇಲ್ಲ, ಕ್ರೇಪ್ ಲೈನಿಂಗ್ ಮೈಗೆ ಅಂಟುತ್ತದೆ. ಕಾಟನ್ನೇ ಹಾಕಿಸಿ. ಕಂಕುಳಿಗೆ ಬೆವರಿನ ಪ್ಯಾಡ್ ಇಟ್ಟು ಕೈಹೊಲಿಗೆ ಹಾಕಿಸಿದರೆ ಜರಿ ಕಪ್ಪಾಗುವುದು ತಪ್ಪುತ್ತದೆ. ಆಲ್ಟರ್ ಆಗಿ ಬಂದ ರವಿಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಹಳೇ ಪಂಚೆಯ ಬಟ್ಟೆಯಲ್ಲಿ ಸುತ್ತಿಡಿ. ಸೆಂಟನ್ನು ಬಟ್ಟೆ ಮೇಲೆ ಹೊಡೆಯಬೇಡಿ.

ಅಂಗಡಿಯಲ್ಲಿ

ಇಲ್ಲಿನ ಟೇಲರುಗಳಲ್ಲಿ ಎಷ್ಟೋ ಜನರ ಮನೆಮಾತು ಕೊಂಕಣಿ. ಕನ್ನಡ ಚೆನ್ನಾಗಿ ಬರುತ್ತದೆ, ಹಿಂದಿಯಲ್ಲಿ ಶುರು ಮಾಡಬೇಡಿ. ರವಿಕೆಗೆ ಪೋಲ್ಕ ಎಂದರೆ ಗಾಬರಿಯಾಗಬೇಡಿ. ಒಟ್ಟು ರೇಟು ಕೇಳುವ ಬದಲು ಬಿಚ್ಚುವುದಕ್ಕೆ ಎಷ್ಟು, ಹೊಲಿಯುವುದಕ್ಕೆ ಎಷ್ಟು, ಮಣಿ ಕೂರಿಸುವುದಕ್ಕೆ ಎಷ್ಟು ಎಂದು ಬೇರೆಬೇರೆ ಕೇಳಿ. ಮಣಿ ನಿಮ್ಮದೇ ಇದ್ದರೆ, ಕೂರಿಸಲು ಮನೆಯಲ್ಲಿ ಕೈ ಇದ್ದರೆ, ಮೂರನೆಯದು ಉಳಿಯುತ್ತದೆ. ಎಲ್ಲೆಲ್ಲಿ ಎಷ್ಟು ಇಂಚು ಎಂದು ಚೀಟಿಯಲ್ಲಿ ಬರೆಸಿ, ಅಡ್ವಾನ್ಸ್ ಅರ್ಧ ಕೊಟ್ಟು, ಉಳಿದದ್ದನ್ನು ಅಂಗಡಿಯಲ್ಲೇ ಹಾಕಿ ನೋಡಿದ ಮೇಲೆ ಕೊಡಿ.

ಕೊಂಡೊಯ್ಯಬೇಕಾದದ್ದು: ರವಿಕೆ, ಉಳಿದ ಬಟ್ಟೆಯ ತುಂಡು, ಮಣಿಯ ಪೊಟ್ಟಣ, ಒಳಉಡುಪು, ಚಪ್ಪಲಿ, ಮದುಮಗಳು.